ಹಿತ್ತಿಲಿನ ದೊಡ್ಡ ಡಿಶ್‌ಗೆ ಕಂಬ ನೆಡುವುದು

ಸಿ-ಬ್ಯಾಂಡ್ ಸಂಕೇತ ಹಿಡಿಯುವ ಎಂಟು ಅಡಿ ಡಿಶ್‌ಗೆ ಅದರ ಭಾರಕ್ಕಿಂತ ಗಾಳಿಯದೇ ಹೆಚ್ಚಿನ ಕಾಟ. ಹಾಗಾಗಿ ದಪ್ಪ ಕಬ್ಬಿಣದ ಪೈಪನ್ನು ಆಳದ ಗುಂಡಿಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಬೇಕು. ಬುಡಕ್ಕೆ ಅಡ್ಡ ಸರಳು ವೆಲ್ಡ್ ಮಾಡಿದರೆ ಪೈಪು ಒಳಗೇ ತಿರುಗುವುದಿಲ್ಲ. ಕಾಂಕ್ರೀಟ್ ಹಸಿಯಿರುವಾಗಲೇ ತೂಗುಗುಂಡು ಹಿಡಿದು ಎರಡು ಕಡೆಯಿಂದ ನೋಡುವುದು ಮುಖ್ಯ: ಇಲ್ಲಿ ಅರ್ಧ ಡಿಗ್ರಿ ವಾಲಿದರೆ, ಸುಮಾರು 36,000 ಕಿ.ಮೀ. ದೂರದ ಉಪಗ್ರಹದ ಬಳಿ ಗುರಿ 300 ಕಿ.ಮೀ. ತಪ್ಪುತ್ತದೆ. ಹಲವು ಉಪಗ್ರಹಗಳತ್ತ ತಿರುಗುವ ಡಿಶ್‌ಗಂತೂ ಈ ವಾಲು ಸಲ್ಲದು.

ವಾರ ಕಳೆದು ಕಾಂಕ್ರೀಟ್ ಬಲಿತ ಮೇಲೆ ಡಿಶ್ ಏರಿಸುವುದು. ಇಂಥ ಉಪಗ್ರಹಗಳು ಭೂಮಧ್ಯರೇಖೆಯ ಮೇಲಿರುವುದರಿಂದ ಕರ್ನಾಟಕಕ್ಕೆ ದಕ್ಷಿಣದ ಆಕಾಶವೇ ದಿಕ್ಕು. ಬೆಂಗಳೂರಿನಿಂದ 83 ಡಿಗ್ರಿ ಪೂರ್ವದ ಉಪಗ್ರಹ ಸುಮಾರು 73 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ ಸಿಗುತ್ತದೆ. ಪಕ್ಕದ ತೆಂಗಿನಮರ ಅಷ್ಟಾಗಿ ಅಡ್ಡ ಬರದು. ಮಳೆನೀರು ಮಾತ್ರ ಬಟ್ಟಲಲ್ಲಿ ನಿಂತೀತು. ಜಾಲರಿ ಡಿಶ್‌ಗೆ ಆ ತಾಪತ್ರಯವಿಲ್ಲ. ಕೊನೆಗೆ ಡಿಶ್ ಪ್ರತಿಫಲಿಸಿದ ಸಂಕೇತವನ್ನು ಹಿಡಿಯುವ ಭಾಗವಾದ ಎಲ್‌ಎನ್‌ಬಿಯನ್ನು ತುಸುತುಸುವೇ ತಿರುಗಿಸಿ, ಮೀಟರಿನಲ್ಲಿ ಸಂಕೇತ ಗರಿಷ್ಠವಾದಲ್ಲಿ ಬೋಲ್ಟು ಬಿಗಿಯುವುದು.