ನಾರಾ: ಅರ್ಧ ದಿನದಲ್ಲಿ ಮುಗಿಯದ ಊರು

ಕ್ರಿ.ಶ. 710ರಿಂದ 784ರವರೆಗೆ, ನಡುವಿನ ಕೆಲವು ವರ್ಷಗಳನ್ನು ಬಿಟ್ಟರೆ, ಜಪಾನಿನ ರಾಜಧಾನಿಯಾಗಿದ್ದ ಊರು ನಾರಾ. ಆಗ ಅದರ ಹೆಸರು ಹೇಜೋಕ್ಯೋ. ಚೀನಾದ ತಾಂಗ್ ಅರಸರ ರಾಜಧಾನಿ ಚಾಂಗಾನ್‌ನ ಮಾದರಿಯಲ್ಲಿ ನೇರ ಬೀದಿಗಳನ್ನು ಎಳೆದು ಅದನ್ನು ಕಟ್ಟಿದರು. ಮುಂದೆ ಅರಸೊತ್ತಿಗೆ ನಾಗಾವೋಕಕ್ಕೆ, ಅಲ್ಲಿಂದ 794ರಲ್ಲಿ ಈಗಿನ ಕ್ಯೋಟೋಗೆ ಹೊರಟುಹೋಯಿತು. ಅರಮನೆ ಇದ್ದ ನೆಲ ಗದ್ದೆಯಾಯಿತು, ದೇವಾಲಯಗಳು ಉಳಿದುಕೊಂಡವು. ಐದು ಬೌದ್ಧ ದೇವಾಲಯಗಳು, ಒಂದು ಶಿಂಟೋ ಗುಡಿ, ಆ ಗುಡಿಯ ಹಿಂದಿನ ಕಾಡು ಮತ್ತು ಅರಮನೆಯ ನಿವೇಶನ, ಹೀಗೆ ಎಂಟು ತಾಣಗಳು 1998ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಇಷ್ಟೆಲ್ಲ ಇರುವ ಊರನ್ನು ಹೆಚ್ಚಿನ ಪ್ರವಾಸಿಗರು ಕ್ಯೋಟೋ ಅಥವಾ ಒಸಾಕದಿಂದ ಬೆಳಿಗ್ಗೆ ಹೊರಟು, ಜಿಂಕೆಗಳಿಗೆ ಬಿಸ್ಕತ್ತು ತಿನ್ನಿಸಿ, ದೊಡ್ಡ ಬುದ್ಧನನ್ನು ನೋಡಿ, ಸಂಜೆಯೊಳಗೆ ಹಿಂದಿರುಗುತ್ತಾರೆ. ನಾರಾದ ಪ್ರವಾಸ ಯೋಜನೆಯಲ್ಲಿ ಆಗುವ ದೊಡ್ಡ ತಪ್ಪು ಇದೇ. ಗುಂಪು ಪ್ರವಾಸಗಳ ಬಸ್ಸುಗಳು ಬಂದು ನಿಲ್ಲುವುದು ನಡುಹಗಲಿನಲ್ಲಿ. ಊರು ತನ್ನ ನಿಜವಾದ ಮುಖ ತೋರುವುದು ಅವು ಬರುವ ಮೊದಲು ಮತ್ತು ಹೋದ ಮೇಲೆ. ಇಲ್ಲಿ ಕನಿಷ್ಠ ಎರಡು ರಾತ್ರಿ ತಂಗುವಂತೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ವಿದೇಶದಿಂದ ಬರುವವರಿಗೆ ನಾರಾಕ್ಕೆ ಹತ್ತಿರದ ವಿಮಾನ ನಿಲ್ದಾಣ ಒಸಾಕದ ಕಾನ್ಸಾಯ್. ಬೆಂಗಳೂರಿನಿಂದ ಅಲ್ಲಿಗೆ ಹೋಗುವವರು ಸಿಂಗಾಪುರ, ಬ್ಯಾಂಕಾಕ್‌ನಂಥ ಊರುಗಳಲ್ಲಿ ವಿಮಾನ ಬದಲಿಸಬಹುದು. ಟೋಕಿಯೋದಲ್ಲಿ ಇಳಿದವರು ಕ್ಯೋಟೋದವರೆಗೆ ಶಿಂಕಾನ್ಸೆನ್‌ನಲ್ಲಿ ಬಂದು ಅಲ್ಲಿಂದ ಬೇರೆ ರೈಲು ಹಿಡಿಯಬೇಕು, ಏಕೆಂದರೆ ಆ ವೇಗದ ರೈಲು ನಾರಾಕ್ಕೆ ಬರುವುದಿಲ್ಲ. ಕ್ಯೋಟೋದಿಂದ ಕಿಂತೆತ್ಸು ಕಂಪನಿಯ ಲಿಮಿಟೆಡ್ ಎಕ್ಸ್‌ಪ್ರೆಸ್ ಸುಮಾರು 35 ನಿಮಿಷದಲ್ಲಿ, ಜೆಆರ್ (ಜಪಾನ್ ರೈಲ್ವೇಸ್) ರೈಲು ಸುಮಾರು ಮುಕ್ಕಾಲು ಗಂಟೆಯಲ್ಲಿ ತಲುಪಿಸುತ್ತದೆ. ಒಸಾಕದ ನಂಬಾದಿಂದ ಕಿಂತೆತ್ಸು ರೈಲಿಗೆ ಹಿಡಿಯುವುದು ಸುಮಾರು 40 ನಿಮಿಷ. ವಿದೇಶಿಯರಿಗೆಂದು ಮಾರುವ ಜಪಾನ್ ರೈಲ್ ಪಾಸ್ ಕಿಂತೆತ್ಸು ರೈಲುಗಳಲ್ಲಿ ನಡೆಯುವುದಿಲ್ಲ. ಆದರೂ ಕಿಂತೆತ್ಸು ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ಕೋಫುಕುಜಿ ದೇವಾಲಯ ಸಿಗುತ್ತದೆ. ಜೆಆರ್ ನಿಲ್ದಾಣ ಇನ್ನಷ್ಟು ದೂರ. ವಸತಿಗೆ ಕಿಂತೆತ್ಸು ನಿಲ್ದಾಣದ ಸುತ್ತಮುತ್ತ ಅಥವಾ ಹಳೆಯ ವ್ಯಾಪಾರಿಗಳ ಬಡಾವಣೆಯಾದ ನಾರಾಮಾಚಿ ಸೂಕ್ತ. ಭಾರತೀಯರಿಗೆ ವೀಸಾ ಬೇಕೇ ಬೇಕು, ಆದ್ದರಿಂದ ಟಿಕೆಟಿಗೆ ದುಡ್ಡು ಸುರಿಯುವ ಮೊದಲು ಆಗಿನ ನಿಯಮಗಳನ್ನು ನೋಡಿಕೊಳ್ಳಬೇಕು.

ಚೆರ್ರಿ ಹೂವು ಅರಳುವ ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರ, ಎಲೆ ಕೆಂಪಾಗುವ ನವೆಂಬರ್, ಇವು ಎಲ್ಲರೂ ಬಯಸುವ ತಿಂಗಳುಗಳು. ಆಗ ಕೋಣೆ ಸಿಗುವುದು ಕಷ್ಟ, ಬಾಡಿಗೆಯೂ ದುಬಾರಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನೀಯರಿಗೇ ಸಾಲುಸಾಲು ರಜೆ, ಆ ದಿನಗಳನ್ನು ಬಿಡುವುದೇ ಲೇಸು. ಜೂನ್‌ನಲ್ಲಿ ಮಳೆ, ಆಗಸ್ಟ್‌ನಲ್ಲಿ ಬೆವರಿಳಿಸುವ ಸೆಕೆ. ಚಳಿಗೆ ಅಂಜದವರಿಗೆ ಜನವರಿಯಿಂದ ಮಾರ್ಚ್ ಮಧ್ಯದವರೆಗಿನ ಕಾಲ ನಿಜಕ್ಕೂ ಒಳ್ಳೆಯದು. ಜನವರಿಯ ನಾಲ್ಕನೇ ಶನಿವಾರ ವಾಕಾಕುಸ ಗುಡ್ಡದ ಒಣಹುಲ್ಲಿಗೆ ಬೆಂಕಿ ಹಚ್ಚುವ ಹಬ್ಬವಿದೆ. ಫೆಬ್ರವರಿ ಮೊದಲ ವಾರ ಕಸುಗ ಎಂಬ ಶಿಂಟೋ ಗುಡಿಯಲ್ಲಿ ದೀಪೋತ್ಸವ. ಮಾರ್ಚ್ 1ರಿಂದ 14ರವರೆಗೆ ತೋದಾಯ್‌ಜಿ ದೇವಾಲಯದ ನಿಗತ್ಸುದೋ ಮಂದಿರದ ಜಗಲಿಯಲ್ಲಿ ಭಿಕ್ಷುಗಳ ಪರಿವಾರದವರು ದೊಡ್ಡ ಪಂಜುಗಳನ್ನು ಹಿಡಿದು ಓಡುತ್ತಾರೆ. ಈ ವ್ರತ 752ರಿಂದ ಒಂದು ವರ್ಷವೂ ತಪ್ಪದೆ ನಡೆದುಬಂದಿದೆ ಎಂದು ದೇವಾಲಯ ಹೇಳುತ್ತದೆ. 12ರ ರಾತ್ರಿಯ ಪಂಜುಗಳು ಎಲ್ಲಕ್ಕಿಂತ ದೊಡ್ಡವು, ಅಂದಿನ ನೂಕುನುಗ್ಗಲೂ ಹಾಗೆಯೇ. ಬೇರೆ ದಿನ ಹೋದರೆ ನೆಮ್ಮದಿಯಿಂದ ನೋಡಬಹುದು.

ಊರಿನ ಕೇಂದ್ರಬಿಂದು ದೊಡ್ಡ ಬುದ್ಧನಿರುವ ತೋದಾಯ್‌ಜಿ. 735ರಿಂದ 737ರವರೆಗೆ ಸಿಡುಬು ದೇಶವನ್ನೇ ಹಿಂಡಿತ್ತು, 740ರಲ್ಲಿ ದಂಗೆಯೂ ಎದ್ದಿತು. ನೊಂದ ಶೋಮು ಚಕ್ರವರ್ತಿ ನಾಡಿನ ರಕ್ಷಣೆಗೆಂದು 743ರಲ್ಲಿ ವೈರೋಚನ ಬುದ್ಧನ ಮಹಾಮೂರ್ತಿಗೆ ಆಜ್ಞೆ ಹೊರಡಿಸಿದ. ಸುಮಾರು 15 ಮೀಟರ್ ಎತ್ತರದ ಕಂಚಿನ ಮೂರ್ತಿಯ ನೇತ್ರೋನ್ಮೀಲನ ನಡೆದದ್ದು 752ರಲ್ಲಿ. ಕುಂಚ ಹಿಡಿದು ಬುದ್ಧನ ಕಣ್ಣು ಬರೆದವರು ಭಾರತದ ಭಿಕ್ಷು ಬೋಧಿಸೇನ. ಅವರು 736ರಲ್ಲಿ ಚೀನಾದ ಮೂಲಕ ಜಪಾನಿಗೆ ಬಂದವರು, ಜಪಾನೀ ದಾಖಲೆಗಳು ಅವರನ್ನು ದಕ್ಷಿಣ ಭಾರತದ ಬ್ರಾಹ್ಮಣ ಎನ್ನುತ್ತವೆ. ಕುಂಚಕ್ಕೆ ಕಟ್ಟಿದ ನೂಲನ್ನು ನೆರೆದವರು ಹಿಡಿದುಕೊಂಡು ಆ ಪುಣ್ಯದಲ್ಲಿ ಪಾಲು ಪಡೆದರು. ಆ ಕುಂಚವೂ ನೂಲೂ ಶೋಸೋಇನ್ ಎಂಬ ಮರದ ಭಂಡಾರದ ಸಂಗ್ರಹದಲ್ಲಿ ಇಂದಿಗೂ ಇವೆ. ಭಾರತದಿಂದ ಹೋಗುವವರು ಈ ಒಂದು ಸಂಗತಿಯನ್ನು ತಿಳಿದುಕೊಂಡು ಬುದ್ಧನ ಮುಂದೆ ನಿಂತರೆ ನೋಟವೇ ಬೇರೆಯಾಗುತ್ತದೆ.

ಈಗ ಕಾಣುವ ಮೂರ್ತಿಯೆಲ್ಲ ಆ ಕಾಲದ್ದಲ್ಲ. 1180ರಲ್ಲಿ ಮತ್ತು 1567ರಲ್ಲಿ ಯುದ್ಧದ ಬೆಂಕಿಗೆ ಮಂದಿರ ಸುಟ್ಟಿತು. ತಲೆ 17ನೇ ಶತಮಾನದ ಕೊನೆಯದು. ಪೀಠದ ಕಮಲದಳಗಳಲ್ಲಿ ಕೆಲವು ಮಾತ್ರ ಮೂಲದವು, ಅವುಗಳ ಮೇಲಿನ ನವಿರಾದ ಗೆರೆಚಿತ್ರಗಳನ್ನು ಹುಡುಕಿ ನೋಡಬೇಕು. 1709ರಲ್ಲಿ ಮುಗಿದ ಈಗಿನ ಮಂದಿರದ ಅಗಲ 57 ಮೀಟರ್, ಮೊದಲಿನದು ಇನ್ನೂ ಅಗಲವಾಗಿತ್ತು. ದಕ್ಷಿಣದ ಮಹಾದ್ವಾರದಲ್ಲಿ ಉನ್ಕೇಯ್, ಕಾಯ್ಕೇಯ್ ಮತ್ತು ಅವರ ಶಿಷ್ಯರು 1203ರಲ್ಲಿ ಕೆತ್ತಿದ ಎಂಟು ಮೀಟರಿಗೂ ಎತ್ತರದ ಇಬ್ಬರು ದ್ವಾರಪಾಲಕರಿದ್ದಾರೆ. ಜನ ಜಿಂಕೆಯ ಕಡೆ ನೋಡುತ್ತ ಇವರ ನಡುವೆಯೇ ಹಾದುಹೋಗುತ್ತಾರೆ, ಅದು ಬೇಸರದ ಸಂಗತಿ. ಬುದ್ಧನ ಮಂದಿರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 7.30ಕ್ಕೇ ತೆರೆಯುತ್ತದೆ, ಆ ಮೊದಲ ಗಂಟೆಯೇ ದಿನದ ಅತ್ಯುತ್ತಮ ಗಂಟೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ನಿಗತ್ಸುದೋ ಜಗಲಿಗೆ ಹೋಗಬೇಕು. ಅಲ್ಲಿಗೆ ಪ್ರವೇಶ ಶುಲ್ಕವಿಲ್ಲ, ಊರಿಡೀ ಕಾಣುತ್ತದೆ.

ಶೋಸೋಇನ್ ಸಂಗ್ರಹದ ಕೆಲವು ವಸ್ತುಗಳನ್ನು ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯಿಂದ ಎರಡು ವಾರಕ್ಕೂ ಸ್ವಲ್ಪ ಹೆಚ್ಚು ಕಾಲ ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸುತ್ತಾರೆ. ಪರ್ಷಿಯಾದ ಕಡೆಯ ಗಾಜಿನ ಪಾತ್ರೆಗಳೂ ಆ ಸಂಗ್ರಹದಲ್ಲಿವೆ. ಟಿಕೆಟ್ ಮೊದಲೇ ಕೊಳ್ಳಬೇಕು.

ಕಸುಗ ಗುಡಿಯನ್ನು ಫುಜಿವಾರ ಮನೆತನದವರು 768ರಲ್ಲಿ ಸ್ಥಾಪಿಸಿದರು. ಹಾದಿಯುದ್ದಕ್ಕೂ ಕಲ್ಲಿನವು, ಪ್ರಾಕಾರದಲ್ಲಿ ಲೋಹದವು, ಹೀಗೆ ಸುಮಾರು 3,000 ದೀಪಗಳು ಇಲ್ಲಿವೆ. ಗುಡಿಯ ಹಿಂದಿನ ಕಸುಗಯಾಮ ಕಾಡಿನಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ 841ರಲ್ಲೇ ನಿಷೇಧಿಸಲಾಯಿತು. ಇಲ್ಲಿಯ ದೇವರು ಬಿಳಿ ಜಿಂಕೆಯನ್ನೇರಿ ಬಂದನೆಂಬ ನಂಬಿಕೆಯಿಂದ ಜಿಂಕೆ ಪವಿತ್ರವಾಯಿತು. ಸಾವಿರಕ್ಕೂ ಹೆಚ್ಚು ಜಿಂಕೆಗಳು ಉದ್ಯಾನದಲ್ಲಿ ಅಡ್ಡಾಡುತ್ತವೆ, ಆದರೆ ಅವು ಸಾಕುಪ್ರಾಣಿಗಳಲ್ಲ. ಅಲ್ಲೇ ಮಾರುವ ಬಿಸ್ಕತ್ತನ್ನು ಬಿಟ್ಟು ಬೇರೇನನ್ನೂ ತಿನ್ನಿಸಬಾರದು, ಅದನ್ನು ತೋರಿಸಿ ಕಾಡಿಸಿದರೆ ಕಚ್ಚುತ್ತವೆ. ಮರಿ ಹಾಕುವ ಬೇಸಿಗೆಯ ಮೊದಲಲ್ಲಿ ತಾಯಿ ಜಿಂಕೆಗಳಿಂದ, ಶರತ್ಕಾಲದಲ್ಲಿ ಗಂಡುಗಳಿಂದ ದೂರವಿರಬೇಕು. ಬಿಸಾಡಿದ ಪ್ಲಾಸ್ಟಿಕ್ ತಿಂದು ಸಾಯುವ ಜಿಂಕೆಗಳೂ ಇವೆ, ಹಾಗಾಗಿ ಒಂದು ಚೂರು ಕವರನ್ನೂ ಬಿಟ್ಟುಬರಬಾರದು.

ಕೋಫುಕುಜಿಯ ಐದು ಅಂತಸ್ತಿನ ಗೋಪುರ ದೊಡ್ಡ ದುರಸ್ತಿಗಾಗಿ ಮುಚ್ಚಿಕೊಂಡಿದೆ, ಕೆಲಸ ಇನ್ನೂ ಹಲವು ವರ್ಷ ನಡೆಯಲಿದೆ. ಆದರೆ ಅಲ್ಲಿಯ ಭಂಡಾರದಲ್ಲಿರುವ ಮೂರು ಮುಖ, ಆರು ಕೈಗಳ ಅಸುರನ ಮೂರ್ತಿ ಒಂದಕ್ಕಾಗಿಯೇ ಹೋಗಬಹುದು. 734ರಲ್ಲಿ ಅರಗಿನಿಂದ ಮಾಡಿದ ಈ ಎಳೆಯ ಮುಖದಲ್ಲಿ ಕ್ರೌರ್ಯವಿಲ್ಲ, ಹುಬ್ಬಿನಲ್ಲಿ ಚಿಂತೆಯಿದೆ. ಗರುಡ, ಗಂಧರ್ವರೂ ಪಕ್ಕದಲ್ಲಿದ್ದಾರೆ.

ಎರಡನೇ ದಿನವನ್ನು ಊರಿನ ಪಶ್ಚಿಮಕ್ಕೆ ಮೀಸಲಿಡಬೇಕು. ಜಪಾನಿಗೆ ಬರಲು ಐದು ಸಲ ಯತ್ನಿಸಿ ಸೋತು, ದೃಷ್ಟಿ ಕಳೆದುಕೊಂಡು, ಆರನೇ ಸಲ ದಡ ಮುಟ್ಟಿದ ಚೀನೀ ಭಿಕ್ಷು ಗಂಜಿನ್ 759ರಲ್ಲಿ ಕಟ್ಟಿದ ತೋಶೋದಾಯ್‌ಜಿ ಅಲ್ಲಿದೆ. ಅದರ ಮುಖ್ಯ ಮಂದಿರ 8ನೇ ಶತಮಾನದ್ದೇ. ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿ ಯಾಕುಶಿಜಿ ದೇವಾಲಯ. ಜಗತ್ತಿನ ಅತಿ ಹಳೆಯ ಮರದ ಕಟ್ಟಡಗಳಿರುವ ಹೋರ್ಯೂಜಿ ಪಕ್ಕದ ಇಕಾರುಗ ಊರಿನಲ್ಲಿದೆ, ಜೆಆರ್ ರೈಲಿನಲ್ಲಿ ಹನ್ನೆರಡು ನಿಮಿಷ.

ಸಸ್ಯಾಹಾರಿಗಳು ಊಟದ ಬಗ್ಗೆ ಮೊದಲೇ ಯೋಚಿಸಬೇಕು. ಜಪಾನೀ ಸಾರಿನಲ್ಲೂ ನೂಡಲ್ಸ್‌ನಲ್ಲೂ ಒಣಮೀನಿನ ರಸ ಸಾಮಾನ್ಯ, ತರಕಾರಿ ಖಾದ್ಯವೆಂದರೂ ಕೇಳಿಯೇ ತಿನ್ನಬೇಕು. ಬೌದ್ಧ ಮಠಗಳ ಶೋಜಿನ್ ಅಡುಗೆ ಶುದ್ಧ ಸಸ್ಯಾಹಾರ, ಆದರೆ ಮುಂಗಡ ಹೇಳಬೇಕಾಗುತ್ತದೆ. ದೇವಾಲಯಗಳ ಟಿಕೆಟಿಗೆ ನಗದು ಯೆನ್ ಕೈಯಲ್ಲಿರಲಿ, ಹಲವೆಡೆ ಮಂದಿರದೊಳಗೆ ಫೋಟೋ ತೆಗೆಯುವಂತಿಲ್ಲ.

ಎರಡು ರಾತ್ರಿ ಸಾಧ್ಯವೇ ಇಲ್ಲದವರು ಪಶ್ಚಿಮದ ದೇವಾಲಯಗಳನ್ನು ಬಿಟ್ಟು, ಒಂದು ರಾತ್ರಿಯಾದರೂ ತಂಗಿ, ಬೆಳಿಗ್ಗೆ ತೋದಾಯ್‌ಜಿಯಿಂದ ಕಸುಗದವರೆಗೆ ನಿಧಾನವಾಗಿ ನಡೆಯಲಿ. ಎಂಟೂ ತಾಣಗಳಿಗೆ ಮುಖ ತೋರಿಸಿ ಓಡುವುದಕ್ಕಿಂತ ಅದು ಮೇಲು.