ಅಮೆರಿಕ ದೋಸ್ತನೋ, ದುಷ್ಮನೋ?

2025ರ ಸೆಪ್ಟೆಂಬರ್ 20, ಶನಿವಾರ. ಹಾಸ್ಟೆಲ್‌ನಿಂದ ಊರಿಗೆ ಬಂದಿದ್ದೆ. ಬೆಳಿಗ್ಗೆ ಟೀವಿ ಹಾಕಿದರೆ ಎಲ್ಲ ಚಾನೆಲ್‌ನಲ್ಲೂ ಒಂದೇ ಸುದ್ದಿ: ಹೊಸ ಎಚ್-1ಬಿ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ. ನಮ್ಮ ದುಡ್ಡಿನಲ್ಲಿ ಸುಮಾರು 88 ಲಕ್ಷ ರೂಪಾಯಿ! ಅಪ್ಪನ ಕೈಯಲ್ಲಿದ್ದ ಚಹಾ ಅಲ್ಲೇ ಆರಿತು. ಅಣ್ಣ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ಓದಿಗಾಗಿ ಹೊಲದ ಪತ್ರ ಬ್ಯಾಂಕಿನಲ್ಲಿದೆ. ಅವನಿಗೆ ಅಲ್ಲಿ ಕೆಲಸ ಸಿಕ್ಕರೆ ಮಾತ್ರ ಆ ಪತ್ರ ಮನೆಗೆ ಬರುತ್ತದೆ.

‘ಹೋದ ತಿಂಗಳ ನಮ್ಮ ಮಾಲಿನ ಮ್ಯಾಲ ಸುಂಕ ಹಾಕಿದ್ರು. ಈಗ ನಮ್ಮ ಹುಡುಗರ ಮ್ಯಾಲ. ಈ ಅಮೆರಿಕ ನಮಗ ದೋಸ್ತನೋ, ದುಷ್ಮನೋ?’ ಎಂದು ಅಪ್ಪ ಕೇಳಿದರು. ಎಂಜಿನಿಯರಿಂಗ್ ಓದುವ ಮಗನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. ನಾನು ಸುಮ್ಮನಿದ್ದೆ. ಮೂಲೆಯಲ್ಲಿ ಕುಳಿತಿದ್ದ ಅಜ್ಜ ಮಾತ್ರ ಸಂಬಂಧವೇ ಇಲ್ಲದಂತೆ ಹಳೆಯ ಕಥೆಯೊಂದನ್ನು ತೆಗೆದರು.

ನಮ್ಮದು ರಾಯಚೂರು ಜಿಲ್ಲೆಯ ಹಳ್ಳಿ. 1975ರ ಆಗಸ್ಟ್‌ನಲ್ಲಿ ಊರ ಶಾಲೆಗೆ ಒಂದು ಟೀವಿ ಬಂತಂತೆ. ಛಾವಣಿಯ ಮೇಲೆ ಕೊಡೆ ಮಗುಚಿಟ್ಟ ಹಾಗೆ ಜಾಲರಿಯ ಆಂಟೆನಾ. ಸಂಜೆಯಾದರೆ ಇಡೀ ಊರು ಅಲ್ಲೇ. ಬಿತ್ತನೆ, ಗೊಬ್ಬರ, ಬಾಣಂತಿಯ ಆರೈಕೆ ಎಲ್ಲವೂ ಕನ್ನಡದಲ್ಲಿ! ಒಂದು ವರ್ಷ ಕಳೆಯಿತು. ಒಂದು ದಿನ ಪರದೆ ಮೇಲೆ ಬರೀ ಚುಕ್ಕೆ. ‘ಪೆಟ್ಟಿಗಿ ನಮ್ದು, ಮಾತೂ ನಮ್ದು. ಮ್ಯಾಲಿನ ಉಪಗ್ರಹ ಅವರದು. ಅವರು ಒಯ್ದರು’ ಎಂದರು ಅಜ್ಜ.

ಹಾಸ್ಟೆಲ್‌ಗೆ ಮರಳಿದ ಮೇಲೆ ಓದಿ ನೋಡಿದೆ. ಅಜ್ಜ ಹೇಳಿದ್ದು ‘ಸೈಟ್’ ಎಂಬ ಪ್ರಯೋಗ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಳಸಲು ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ಇಡಲಾಗಿತ್ತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಒಪ್ಪಂದದಂತೆ 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಅಮೆರಿಕ ಮೋಸ ಮಾಡಲಿಲ್ಲ. ಕೊಟ್ಟ ಮಾತಿನಂತೆ ಕೊಟ್ಟಿತು, ಹೇಳಿದ ದಿನ ವಾಪಸ್ ಪಡೆಯಿತು. ಆದರೆ ಉಪಗ್ರಹ ಹೋದರೂ ಭೂಕೇಂದ್ರ ನಡೆಸಿ ಕಲಿತ ನಮ್ಮ ಎಂಜಿನಿಯರ್‌ಗಳು ಇಲ್ಲೇ ಉಳಿದರು.

ಅದೇ ಅಮೆರಿಕ 1992ರ ಮೇ ತಿಂಗಳಲ್ಲಿ ಬೇರೆಯೇ ಮುಖ ತೋರಿಸಿತು. ಭಾರವಾದ ಉಪಗ್ರಹಗಳನ್ನು ಹಾರಿಸಲು ನಮಗೆ ಕ್ರಯೋಜೆನಿಕ್ ಎಂಜಿನ್ ಬೇಕಿತ್ತು. ಮೈನಸ್ 253 ಡಿಗ್ರಿಯ ದ್ರವ ಜಲಜನಕ, ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ ಸೇರಿ ಉರಿಯುವ ಎಂಜಿನ್ ಅದು. ತಂತ್ರಜ್ಞಾನ ಕೊಡಲು ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆ ಒಪ್ಪಿತ್ತು. ಇದು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟದ ನಿಯಮಕ್ಕೆ ವಿರುದ್ಧ ಎಂದ ಅಮೆರಿಕ, ಇಸ್ರೊ ಮತ್ತು ಗ್ಲಾವ್‌ಕಾಸ್ಮಾಸ್ ಎರಡರ ಮೇಲೂ ಎರಡು ವರ್ಷ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ಹಿಂದೆ ಸರಿಯಿತು. ಸಿದ್ಧ ಎಂಜಿನ್‌ಗಳನ್ನು ಕೊಟ್ಟಿತು, ವಿದ್ಯೆ ಕೊಡಲಿಲ್ಲ.

ನಾವೇ ಮಾಡಿಕೊಳ್ಳಬೇಕಾಯಿತು. 2010ರ ಏಪ್ರಿಲ್‌ನಲ್ಲಿ ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಮೊದಲ ಜಿಎಸ್‌ಎಲ್‌ವಿ ವಿಫಲವಾಯಿತು. 2013ರ ಆಗಸ್ಟ್‌ನಲ್ಲಿ ಇಂಧನ ಸೋರಿ, ಇನ್ನೇನು ಹಾರಬೇಕು ಎನ್ನುವಾಗ ಉಡಾವಣೆ ನಿಲ್ಲಿಸಬೇಕಾಯಿತು. 2014ರ ಜನವರಿ 5ರಂದು ಗೆದ್ದೆವು. ನಿರ್ಬಂಧ ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಅಂದರೆ ನನ್ನ ಇಡೀ ವಯಸ್ಸಿಗಿಂತ ಹೆಚ್ಚು! ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದರೆ ಬದುಕೇ ಮುಗಿಯಿತು ಎನ್ನುವ ನಮ್ಮಂಥವರು ಇದನ್ನು ಒಮ್ಮೆ ನೆನೆಯಬೇಕು.

ಈ ನಡುವೆ ಸಂಬಂಧವೂ ಬದಲಾಗುತ್ತಾ ಬಂತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಮತ್ತೆ ನಿರ್ಬಂಧ ಹೇರಿದ್ದ ಅಮೆರಿಕವೇ 2008ರಲ್ಲಿ ನಾಗರಿಕ ಪರಮಾಣು ಒಪ್ಪಂದಕ್ಕೆ ಸಹಿ ಹಾಕಿತು. ಅದೇ ತಿಂಗಳು ಹಾರಿದ ಚಂದ್ರಯಾನ-1ರಲ್ಲಿ ನಾಸಾದ ಉಪಕರಣವಿತ್ತು. ಚಂದ್ರನ ಮೇಲೆ ನೀರಿನ ಅಣುಗಳ ಸುಳಿವು ಹಿಡಿದದ್ದು ಅದೇ. 2016ರಲ್ಲಿ, ಯಾವ ಕೂಟದ ಹೆಸರಿನಲ್ಲಿ ನಮ್ಮನ್ನು ತಡೆದಿದ್ದರೋ ಆ ಕೂಟಕ್ಕೇ ಭಾರತ ಸದಸ್ಯನಾಯಿತು. ಅದನ್ನು ಬೆಂಬಲಿಸಿದವರಲ್ಲಿ ಅಮೆರಿಕವೂ ಇತ್ತು.

ಇನ್ನು ನಿಸಾರ್. ನಾಸಾ ಮತ್ತು ಇಸ್ರೊ 2014ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡು ಕಟ್ಟಿದ ಉಪಗ್ರಹ. ಎಲ್-ಬ್ಯಾಂಡ್ ರೇಡಾರ್ ಅವರದು, ಎಸ್-ಬ್ಯಾಂಡ್ ನಮ್ಮದು. ಕ್ಯಾಲಿಫೋರ್ನಿಯಾದಲ್ಲಿ ಜೋಡಿಸಿದ ರೇಡಾರ್‌ಗಳನ್ನು 2023ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆಯ ವಿಮಾನವೇ ಬೆಂಗಳೂರಿಗೆ ತಂದಿಳಿಸಿತು. 2025ರ ಜುಲೈ 30ರಂದು ಅದನ್ನು ಶ್ರೀಹರಿಕೋಟಾದಿಂದ ಹೊತ್ತೊಯ್ದದ್ದು ಜಿಎಸ್‌ಎಲ್‌ವಿ, ನಮ್ಮದೇ ಕ್ರಯೋಜೆನಿಕ್ ಎಂಜಿನ್‌ನೊಂದಿಗೆ. ಯಾವ ಎಂಜಿನ್ ನಮಗೆ ಸಿಗಬಾರದು ಎಂದು ಅಮೆರಿಕ ಹಟ ಹಿಡಿದಿತ್ತೋ, ಅಂಥದ್ದೇ ಎಂಜಿನ್ ಮೇಲೆ ನಂಬಿಕೆಯಿಟ್ಟು ತನ್ನ ರೇಡಾರ್ ಕಳಿಸಿತು. ಹಾಸ್ಟೆಲ್‌ನಲ್ಲಿ ಮೊಬೈಲ್ ಸುತ್ತ ಹತ್ತು ಜನ ಕೂತು ನೋಡಿದ್ದೆವು. ನಾನು ಓದುವುದು ಎಲೆಕ್ಟ್ರಾನಿಕ್ಸ್. ಅದರ 12 ಮೀಟರ್ ಆಂಟೆನಾ ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಆದರೆ ಕಥೆ ಇಲ್ಲಿಗೇ ಸುಖಾಂತ್ಯವಾಗಲಿಲ್ಲ. ನಿಸಾರ್ ಹಾರಿ ತಿಂಗಳು ತುಂಬುವ ಮೊದಲೇ, ಆಗಸ್ಟ್ 27ರಂದು, ನಮ್ಮ ಹಲವು ಸರಕುಗಳ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು. ಅಪ್ಪ ಹೇಳಿದ ಸುಂಕ ಅದೇ. ಅದರ ಹಿಂದೆಯೇ ವೀಸಾ ಶುಲ್ಕ. ಬಾಹ್ಯಾಕಾಶದಲ್ಲಿ ಪಾಲುದಾರ, ಬಂದರಿನಲ್ಲಿ ಸುಂಕದವನು. ಎರಡೂ ಒಂದೇ ದೇಶ, ಒಂದೇ ವರ್ಷ.

ದಸರಾ ರಜೆಯಲ್ಲಿ ಅಪ್ಪನಿಗೆ ನಾನು ಉತ್ತರ ಹೇಳಿದೆ. ದೇಶಗಳ ನಡುವೆ ದೋಸ್ತಿ, ದುಷ್ಮನಿ ಎಂಬ ಎರಡೇ ಖಾನೆ ಇರುವುದಿಲ್ಲ ಅಪ್ಪಾ. 1976ರಲ್ಲಿ ನಮ್ಮ ಬಳಿ ಅಂಥ ಟೀವಿ ಉಪಗ್ರಹವಿರಲಿಲ್ಲ, ಅವರು ಒಯ್ದಾಗ ಪರದೆ ಖಾಲಿಯಾಯಿತು. 2014ರ ಹೊತ್ತಿಗೆ ನಮ್ಮ ಬಳಿ ಎಂಜಿನ್ ಇತ್ತು. ಅದರಿಂದಲೇ ನಿಸಾರ್ ಒಪ್ಪಂದವಾಯಿತು ಎನ್ನಲಾರೆ. ಆದರೆ ಎಂಜಿನ್ ಇರದಿದ್ದರೆ ಉಡಾವಣೆ ನಮ್ಮ ಪಾಲಿಗೆ ಬರುತ್ತಿರಲಿಲ್ಲ. ಅಜ್ಜ ನಕ್ಕು, ‘ಎರವಲು ಎತ್ತು ಬಿತ್ತಿಗಿ ಹೊತ್ತಿಗೆ ಸಿಗೂದಿಲ್ಲಪಾ’ ಎಂದರು. ನನ್ನ ಭಾಷಣಕ್ಕಿಂತ ಅದೇ ಅಪ್ಪನಿಗೆ ಬೇಗ ಅರ್ಥವಾಯಿತು.

ಅಲ್ಲೇ ಓದುತ್ತಿದ್ದು ವೀಸಾ ಬದಲಿಸುವವರಿಗೆ ಆ ಶುಲ್ಕ ಇಲ್ಲ ಎಂಬ ಸ್ಪಷ್ಟನೆ ಅಕ್ಟೋಬರ್‌ನಲ್ಲಿ ಬಂತು. ಅಣ್ಣನಿಗೆ ಉಸಿರು ಬಂತು. ಆದರೂ ಕೆಲಸ ಸಿಗುವವರೆಗೆ ಹೊಲದ ಪತ್ರ ಬ್ಯಾಂಕಿನಲ್ಲೇ. ನಾನೂ ಜಿಆರ್‌ಇ ಪುಸ್ತಕವನ್ನು ಮಾರಿಲ್ಲ ಗೆಳೆಯರೇ, ಸುಳ್ಳು ಹೇಳುವುದಿಲ್ಲ. ಹೋಗುವುದಾದರೆ ಹೋಗೋಣ, ಕಲಿಯೋಣ. ಆದರೆ ಇನ್ನೊಬ್ಬರು ಒಂದು ರಾತ್ರಿಯಲ್ಲಿ ಸಹಿ ಹಾಕಿ ಕಿತ್ತುಕೊಳ್ಳಲಾಗದ ಒಂದಾದರೂ ವಿದ್ಯೆ ಕೈಯಲ್ಲಿರಲಿ. ನಿಸಾರ್ ಕಳಿಸುವ ಮಾಹಿತಿ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದದ್ದು. ನಾವು ಮೂವರು ಗೆಳೆಯರು ಅದನ್ನೇ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಆರಿಸಿಕೊಂಡಿದ್ದೇವೆ. ನಮ್ಮೂರ ಹೊಲಗಳ ತೇವಾಂಶ ಅಳೆಯುವ ಆಸೆ. ಬ್ಯಾಂಕಿನಲ್ಲಿ ಪತ್ರವಿರುವ ಹೊಲವೂ ಅದರಲ್ಲಿದೆ.