ಹಳೆ ಪಿಕಪ್ಪಿಗೆ ಹೊಸ ಯಜಮಾನ

ಅಂಜನಾಪುರ ಜಲಾಶಯದ ನೀರುಂಡ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿಯಿತೆಂದರೆ ಶಿಕಾರಿಪುರದ ರಸ್ತೆಗಳಲ್ಲಿ ಪಿಕಪ್ಪುಗಳ ಸುಗ್ಗಿ. ಹುಲ್ಲು ಹೊತ್ತದ್ದೊಂದು, ಮೆಕ್ಕೆಜೋಳದ ಚೀಲ ಹೇರಿದ್ದೊಂದು, ಸೊರಬದ ಕಡೆಯಿಂದ ಶುಂಠಿ ತುಂಬಿಕೊಂಡು ಬಂದದ್ದು ಮತ್ತೊಂದು. ಶಿರಾಳಕೊಪ್ಪದ ಕಡೆಗೋ ಶಿವಮೊಗ್ಗದ ಕಡೆಗೋ ಓಡುವ ಈ ಗಾಡಿಗಳ ಸ್ಟೀರಿಂಗ್ ಹಿಡಿದವನಿಗೆ ಹೆಚ್ಚೆಂದರೆ ಇಪ್ಪತ್ತೆರಡು, ಇಪ್ಪತ್ತಮೂರು ವರ್ಷ. ಗಾಡಿ ಅವನದೇ. ಆದರೆ ಹೊಸದಲ್ಲ.

2005ರಲ್ಲಿ ಟಾಟಾ ಏಸ್ ಬಂದಾಗ, ಎರಡೇ ಸಿಲಿಂಡರಿನ ಆ ಪುಟ್ಟ ಗಾಡಿ ಹಳ್ಳಿಯ ಹುಡುಗರಲ್ಲಿ ಓನರ್ ಆಗುವ ಆಸೆ ಹುಟ್ಟಿಸಿತು. ಬೊಲೆರೊ ಪಿಕಪ್ಪು, 2011ರಲ್ಲಿ ಬಂದ ದೋಸ್ತ್ ಆ ಆಸೆಯನ್ನು ಇನ್ನಷ್ಟು ಬೆಳೆಸಿದವು. ಹೊಸ ಗಾಡಿಯ ಬೆಲೆ ಕೈಗೆಟುಕದವನಿಗೆ ಎಂಟು ಹತ್ತು ವರ್ಷ ಓಡಿದ ಗಾಡಿಯೇ ಗತಿ. ಅಮ್ಮನ ಸರ ಬ್ಯಾಂಕಿನಲ್ಲಿ ಒತ್ತೆ ಬೀಳುತ್ತದೆ, ಉಳಿದದ್ದಕ್ಕೆ ಸೊಸೈಟಿ ಸಾಲ. ಎಲ್ಲ ಕೊಟ್ಟ ಮೇಲೂ ಕೈಯಲ್ಲಿ ಹತ್ತಿಪ್ಪತ್ತು ಸಾವಿರ ಉಳಿದಿರುತ್ತದೆ ಎನ್ನಿ. ಪ್ರಶ್ನೆ ಇರುವುದೇ ಇಲ್ಲಿ. ಆ ಹಣ ಮೊದಲು ಎಲ್ಲಿಗೆ ಹೋಗಬೇಕು?

ಹೋಗುವುದು ಸಾಮಾನ್ಯವಾಗಿ ಅಲಂಕಾರದ ಅಂಗಡಿಗೆ! ಎದೆ ನಡುಗಿಸುವ ಸ್ಪೀಕರು, ಎದುರಿನವನ ಕಣ್ಣು ಕುಕ್ಕುವ ಎಲ್‌ಇಡಿ ಪಟ್ಟಿ, ರಾಗ ಹಾಡುವ ಏರ್ ಹಾರ್ನ್. ಇದರಲ್ಲಿ ಹಾರ್ನಂತೂ ಮೋಟಾರು ವಾಹನ ನಿಯಮಗಳಿಗೇ ವಿರುದ್ಧ. ಆದರೂ ಹರೆಯದವನ ಮೊದಲ ಗಾಡಿಯಲ್ಲಿ ಒಂದಿಷ್ಟು ಹಾಡು ಬೇಡವೇ ಎಂದರೆ ಬೇಡ ಎನ್ನಲು ಮನಸ್ಸು ಬಾರದು. ಇದು ಗಾಡಿಯ ಚಾಕರಿಗೆ ಸಂಬಂಧಿಸಿದ್ದಲ್ಲ, ಅಷ್ಟೇ. ನಿಜವಾಗಿ ಯೋಚಿಸಬೇಕಾದದ್ದು ಅಲಂಕಾರ ಮುಗಿದ ಮೇಲೆ ಗ್ಯಾರೇಜಿನಲ್ಲಿ ಹೇಳುವ ಒಂದು ಮಾತು: ‘ಅಣ್ಣಾ, ಹಿಂದೆ ಇನ್ನೆರಡು ಪಟ್ಟಿ ಹಾಕಿಬಿಡಿ.’

ಪಟ್ಟಿ ಎಂದರೆ ಹಿಂದಿನ ಆಕ್ಸಲಿನ ಮೇಲೆ ಒಂದರ ಮೇಲೊಂದು ಜೋಡಿಸಿ ಕಟ್ಟಿದ ಕಮಾನಿನ ಉಕ್ಕಿನ ಪಟ್ಟಿಗಳು. ಭಾರ ಬಿದ್ದಾಗ ಬಾಗಿ, ಇಳಿದಾಗ ಮತ್ತೆ ಏಳುವುದು ಅವುಗಳ ಕೆಲಸ. ಹೇರು ಜಾಸ್ತಿಯಾದರೆ ಗಾಡಿಯ ಹಿಂಭಾಗ ಕುಸಿದು, ಮೂತಿ ಮೇಲಾಗಿ, ಸ್ಟೀರಿಂಗ್ ಹಗುರಾಗುತ್ತದೆ. ಮಾತು ಬಾರದ ಗಾಡಿ ‘ಸಾಕು’ ಎನ್ನುವ ರೀತಿ ಅದು. ಪಟ್ಟಿ ಸೇರಿಸಿದ ಕೂಡಲೇ ಗಾಡಿ ನೆಟ್ಟಗೆ ನಿಲ್ಲುತ್ತದೆ. ಹುಡುಗನಿಗೆ ಖುಷಿ, ಹೇರುವವನಿಗೆ ಇನ್ನೂ ಖುಷಿ. ಆದರೆ ಬ್ರೇಕು ಹಳೆಯದೇ, ಟಯರು ಹಳೆಯವೇ, ಆಕ್ಸಲ್ಲೂ ಬೇರಿಂಗೂ ಕಂಪನಿ ಕೊಟ್ಟವೇ. ಹೆಚ್ಚಿದ್ದು ಧೈರ್ಯ ಮಾತ್ರ.

ಇದರೊಳಗೆ ಇನ್ನೊಂದು ಗುಟ್ಟಿದೆ. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲಿಗೂ ಛಾಸಿಗೂ ನಡುವೆ ಒಂದು ಸಣ್ಣ ಸರಳು, ಅದಕ್ಕೆ ಸೇರಿದಂತೆ ಒಂದು ವಾಲ್ವು ಇರುತ್ತದೆ. ಎಲ್.ಎಸ್.ಪಿ.ವಿ. ಎಂದು ಅದರ ಹೆಸರು. ಭಾರಕ್ಕೆ ಬಾಡಿ ಕೆಳಗಿಳಿದಂತೆಲ್ಲ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಒತ್ತಡ ತಗ್ಗಿಸುತ್ತದೆ, ಇಲ್ಲವಾದರೆ ಹಿಂದಿನ ಚಕ್ರ ಲಾಕಾಗಿ ಗಾಡಿ ಅಡ್ಡ ತಿರುಗೀತು. ಈಗ ಪಟ್ಟಿ ಸೇರಿಸಿ ಬಾಡಿಯನ್ನು ಎತ್ತರಿಸಿದರೆ ಏನಾದೀತು? ಮೇಲೆ ಎರಡು ಟನ್ ಇದ್ದರೂ ಗಾಡಿ ಹಗುರಾಗಿದೆ ಎಂದೇ ವಾಲ್ವು ತಿಳಿಯುತ್ತದೆ. ಹೆಚ್ಚು ಬ್ರೇಕು ಬೇಕಾದ ಹೊತ್ತಿನಲ್ಲೇ ಕಡಿಮೆ ಬ್ರೇಕು! ಪಟ್ಟಿ ಮುರಿದಿದ್ದರೆ, ಹಳತಾಗಿ ಸಪ್ಪಟೆಯಾಗಿದ್ದರೆ ಬದಲಿಸಲೇಬೇಕು, ಜೊತೆಗೆ ಸವೆದ ಬುಷ್ ಕೂಡ. ಅದು ರಿಪೇರಿ. ಕಂಪನಿಯ ಲೆಕ್ಕಕ್ಕಿಂತ ಹೆಚ್ಚು ಸೇರಿಸುವುದು ಬೇರೆಯೇ ವಿಷಯ.

ಎಷ್ಟು ಹೇರಬಹುದೆಂಬುದು ಆರ್.ಸಿ.ಯಲ್ಲೇ ಇದೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಸಿಗುವುದೇ ಲೆಕ್ಕ. ಅದು 1,250 ಕಿಲೋ ಎಂದಿಟ್ಟುಕೊಂಡರೆ, 60 ಕಿಲೋದ ಮೆಕ್ಕೆಜೋಳದ ಚೀಲ 20. ಮೂವತ್ತು ಹೇರಿದರೆ 1,800 ಕಿಲೋ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಲ್ಲಿ ಹೆಚ್ಚುವರಿ ಹೇರಿಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಟನ್ನಿಗೆ 2,000 ಎಂದಿದೆ. ಹತ್ತು ಚೀಲದ ಬಾಡಿಗೆ ಎಷ್ಟು ಬರುತ್ತದೆಂದು ಹುಡುಗನೇ ಲೆಕ್ಕ ಹಾಕಲಿ.

ಹಾಗಾದರೆ ಉಳಿದ ಹಣ ಮೊದಲು ಬ್ರೇಕಿಗೆ. ನಾಲ್ಕೂ ಚಕ್ರ ಕಳಚಿಸಿ ನೋಡಬೇಕು. ಸಾಮಾನ್ಯವಾಗಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಮಳೆಗಾಲವಿಡೀ ಕಾಲುವೆ ಏರಿಯ ಕೆಸರಿನಲ್ಲಿ ಓಡಿದ ಗಾಡಿಯ ಡ್ರಮ್ಮಿನೊಳಗೆ ಮಣ್ಣು ತುಂಬಿರುತ್ತದೆ, ಕೆಲವೊಮ್ಮೆ ವೀಲ್ ಸಿಲಿಂಡರ್ ಸೋರಿ ಲೈನರ್ ಒದ್ದೆಯಾಗಿರುತ್ತದೆ. ಬ್ರೇಕ್ ಆಯಿಲನ್ನು ಪೂರ್ತಿ ಬದಲಿಸುವುದು ಇನ್ನೂ ಮುಖ್ಯ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹುಲಿಕಲ್ ಘಾಟಿಯಂಥ ಇಳಿಜಾರಿನಲ್ಲಿ ಬ್ರೇಕು ಒತ್ತಿ ಒತ್ತಿ ಕಾದಾಗ ಆ ತೇವ ಕುದಿದು ಆವಿಯಾಗುತ್ತದೆ, ಪೆಡಲು ತಳ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಏರಿದ ಗೇರಿನಲ್ಲೇ ಇಳಿ ಎಂದು ಹಳೆಯ ಲಾರಿ ಡ್ರೈವರುಗಳು ಹೇಳುವುದೂ ಇದೇ ಕಾರಣಕ್ಕೆ.

ಆಮೇಲೆ ಟಯರು. ಬಟನ್ ಚೆನ್ನಾಗಿದೆ ಎಂದು ಮಾರುವವನು ಬೆನ್ನು ತಟ್ಟಿ ತೋರಿಸುತ್ತಾನೆ. ಬಟನ್ ಅಲ್ಲ, ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಬೇಕು. 2316 ಎಂದಿದ್ದರೆ ಅದು 2016ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಎಷ್ಟೇ ಬಟನ್ ಉಳಿದಿದ್ದರೂ ಅಷ್ಟು ಹಳೆಯ ರಬ್ಬರು ಬಿರಿದು, ಬೇಸಿಗೆಯ ಡಾಂಬರಿನ ಮೇಲೆ ಭಾರದೊಂದಿಗೆ ಸಿಡಿಯುವ ಸಂಭವ ಹೆಚ್ಚು. ಹಳೆಯ ಗಾಡಿಯ ಸ್ಟೆಪ್ನಿಯಂತೂ ಹೆಚ್ಚಾಗಿ ಹೆಸರಿಗಷ್ಟೇ.

ಎಂಜಿನ್ನಿನ ಮಾತು ಸುಲಭ. ಹಿಂದಿನವನು ಏನು ಹೇಳಿದ್ದರೂ ಎಂಜಿನ್ ಆಯಿಲು, ಆಯಿಲ್ ಫಿಲ್ಟರು, ಡೀಸೆಲ್ ಫಿಲ್ಟರು, ಏರ್ ಫಿಲ್ಟರು ಒಮ್ಮೆಗೇ ಬದಲಿಸಿ, ಕಿಲೋಮೀಟರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರಾಯಿತು. ಗೇರ್ ಬಾಕ್ಸು, ಹಿಂದಿನ ಕ್ರೌನ್ ಆಯಿಲು ಯಾರಿಗೂ ನೆನಪಾಗುವುದಿಲ್ಲ, ಅದನ್ನೂ ನೋಡಿಸಬೇಕು. ವಾಟರ್ ವಾಶ್ ಆದ ಮೇಲೆ ಗ್ರೀಸು ಹೊಡೆಸದಿದ್ದರೆ ವಾಶ್ ಮಾಡಿಸಿದ್ದೇ ತೊಂದರೆ. ಗೊಬ್ಬರ ಸಾಗಿಸಿದ ದಿನ ಬಾಡಿಯ ತಳ ತೊಳೆಯದೆ ಬಿಟ್ಟರೆ ಯೂರಿಯಾ ತಗಡನ್ನು ತಿಂದುಹಾಕುತ್ತದೆ.

ಹುಲ್ಲಿನ ಬಾಡಿಗೆಗೆ ಹೋಗುವವನು ಮೇಲೆ ನೋಡಬೇಕು. ಕರೆಂಟು ತಂತಿ ತಗುಲಿ ಹುಲ್ಲಿನ ಗಾಡಿ ಹೊತ್ತಿ ಉರಿದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಿಗೆ ಹೊಸದಲ್ಲ. ಸ್ಪೀಕರಿಗಿಂತ ಮೊದಲು ಬೆಂಕಿ ಆರಿಸುವ ಒಂದು ಸಿಲಿಂಡರು ಸೀಟಿನ ಹಿಂದೆ ಬರಲಿ.

ಕಾಗದದ ಕೆಲಸವೂ ಗಾಡಿಯ ರಿಪೇರಿಯೇ. ಕೊಂಡ 30 ದಿನದೊಳಗೆ ಆರ್.ಸಿ. ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಇನ್ಶೂರೆನ್ಸ್ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. ಲೈಸೆನ್ಸಿನ ಗೊಂದಲ ಮಾತ್ರ ತೀರಿದೆ: 7,500 ಕಿಲೋವರೆಗಿನ ಸರಕು ವಾಹನಕ್ಕೆ ಎಲ್.ಎಂ.ವಿ. ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿತು.

ಇಷ್ಟಾಗುವಾಗ ಹಣ ಖಾಲಿ. ಮುಂದಿನ ಗಾಜಿಗೆ ಹೆಸರು ಬರೆಸಬೇಕು, ಹಾಡಿನ ಪೆಟ್ಟಿಗೆ ಬರಬೇಕು. ಆಯುಧಪೂಜೆಯವರೆಗೆ ಬಾಡಿಗೆ ಚೆನ್ನಾಗಿ ಸಿಕ್ಕರೆ ಅದೂ ಆದೀತು. ಆದರೆ ಅದಕ್ಕೂ ಮೊದಲು ಬ್ಯಾಂಕಿನಿಂದ ಅಮ್ಮನ ಸರ ಬಿಡಿಸಿಕೊಂಡು ಬರುವುದಿದೆ.